ಹದಿನೆಂಟು ಶಾಲೆಗೊಬ್ಬ ಜೊತೆಗಾರ

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು 403ರಿಂದ 178 ಕಳೆದು 375 ಎಂದು ಬರೆದಳು ಎಂದಿಟ್ಟುಕೊಳ್ಳಿ. ಉತ್ತರ ತಪ್ಪು. ಆದರೆ ಬಾಯಿಗೆ ಬಂದದ್ದನ್ನು ಬರೆದ ತಪ್ಪಲ್ಲ ಅದು. ಬಿಡಿ ಸ್ಥಾನದಲ್ಲಿ 8ರಿಂದ 3 ಕಳೆದಿದ್ದಾಳೆ, ಹತ್ತರಲ್ಲಿ 7ರಿಂದ 0, ನೂರರಲ್ಲಿ 4ರಿಂದ 1. ಎಲ್ಲ ಕಡೆಯೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದೇ ನಿಯಮ ಎಂದು ತಾನೇ ಒಂದು ಕಾನೂನು ಮಾಡಿಕೊಂಡು, ಅದನ್ನು ನಿಷ್ಠೆಯಿಂದ ಪಾಲಿಸಿದ್ದಾಳೆ. ಮೇಲಿನ ಸಂಖ್ಯೆಯೊಂದು, ಕೆಳಗಿನ ಸಂಖ್ಯೆಯೊಂದು, ಒಂದರಿಂದ ಇನ್ನೊಂದನ್ನು ಇಡಿಯಾಗಿ ತೆಗೆಯುತ್ತಿದ್ದೇವೆ ಎಂಬುದು ಅವಳಿಗೆ ಕಂಡಿಲ್ಲ. ಮೂರು ಬೇರೆ ಬೇರೆ ಪುಟ್ಟ ಲೆಕ್ಕಗಳು ಕಂಡಿವೆ. ಇದಕ್ಕೆ ಮದ್ದು ಇನ್ನೂ ಹತ್ತು ಲೆಕ್ಕ ಕೊಡುವುದಲ್ಲ. ಕಡ್ಡಿ ಕಟ್ಟುಗಳನ್ನು ಮುಂದಿಟ್ಟು, ನೂರರ ಕಟ್ಟೊಂದನ್ನು ಬಿಚ್ಚಿ ಹತ್ತು ಹತ್ತರ ಕಟ್ಟು ಮಾಡಿ, ಅದರಲ್ಲಿ ಒಂದನ್ನು ಮತ್ತೆ ಬಿಚ್ಚಿ ಬಿಡಿ ಮಾಡಿ ತೋರಿಸಬೇಕು. ನಡುವೆ ಸೊನ್ನೆ ಕುಳಿತಿರುವುದರಿಂದ ಎರಡು ಸಲ ಬಿಚ್ಚಬೇಕು, ಗೊಂದಲವೂ ಎರಡರಷ್ಟು.

ಅನುಭವಿ ಗಣಿತ ಶಿಕ್ಷಕರಿಗೆ ಇದು ಹೊಸದಲ್ಲ. ಆದರೆ ಆ ಶಾಲೆಯಲ್ಲಿ ಇರುವವರು ಇಬ್ಬರೇ ಟೀಚರ್, ತರಗತಿಗಳು ಐದು. ನಾಲ್ಕನೆಯವರಿಗೆ ದಶಕ ಸಹಿತ ವ್ಯವಕಲನ ಹೇಳಿಕೊಡುವ ಹೊತ್ತಿಗೆ ಐದನೆಯವರು ಗಲಾಟೆ ಎಬ್ಬಿಸಿರುತ್ತಾರೆ, ಬಿಸಿಯೂಟದ ಅಡುಗೆಯವರು ಬೇಳೆ ತೂಗಿಕೊಡಿ ಎಂದು ಬಾಗಿಲಲ್ಲಿ ನಿಂತಿರುತ್ತಾರೆ. ಈ ಮಗು ಯಾಕೆ ಹೀಗೆ ಬರೆಯಿತು ಎಂದು ಆ ಟೀಚರ್ ಯಾರನ್ನು ಕೇಳಬೇಕು?

ಕಾಗದದ ಮೇಲೆ ಉತ್ತರ ಭರ್ಜರಿಯಾಗಿಯೇ ಇದೆ. ಹತ್ತಿರದಲ್ಲಿ ಸಿಆರ್‌ಪಿ, ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ತಾಲ್ಲೂಕಿನಲ್ಲಿ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಲ್ಲಿ ವಿಷಯವಾರು ಸಂಪನ್ಮೂಲ ವ್ಯಕ್ತಿಗಳಾದ ಬಿಆರ್‌ಪಿಗಳು, ಅವರ ಮೇಲೆ ಕ್ಷೇತ್ರ ಸಮನ್ವಯಾಧಿಕಾರಿ. ಜಿಲ್ಲೆಯಲ್ಲಿ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಲ್ಲಿಂದ ಪ್ರತಿ ತಾಲ್ಲೂಕಿಗೂ ಒಬ್ಬ ಉಪನ್ಯಾಸಕರು ನೋಡಲ್ ಅಧಿಕಾರಿ. ಬೆಂಗಳೂರಿನಲ್ಲಿ ಡಿಎಸ್‌ಇಆರ್‌ಟಿ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ. ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿ ಮೈಸೂರಿನಲ್ಲಿ 1963ರಿಂದ ಇರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಇಂಗ್ಲಿಷ್ ಬೋಧನೆಗೆಂದೇ ಅದೇ ವರ್ಷ ಹುಟ್ಟಿದ ಇನ್ನೊಂದು ಪ್ರಾದೇಶಿಕ ಸಂಸ್ಥೆ ಬೆಂಗಳೂರಿನ ಜ್ಞಾನಭಾರತಿಯಲ್ಲಿ. ಒಂದು ಮಗುವಿನ ಒಂದು ಲೆಕ್ಕದ ಹಿಂದೆ ಇಷ್ಟು ದೊಡ್ಡ ಪರಿವಾರ ನಿಂತಿರಬೇಕು ಎಂಬುದು ಯೋಜನೆ. ನಿಂತಿದೆಯೇ ಎಂಬುದೇ ಈ ಬರಹದ ವಿಷಯ.

ಹಿಂದೆ ಶಾಲೆಗೆ ಹೊರಗಿನಿಂದ ಬರುತ್ತಿದ್ದವರು ಇನ್ಸ್‌ಪೆಕ್ಟರ್ ಸಾಹೇಬರು. ಬರುತ್ತಾರೆಂದರೆ ಸುಣ್ಣ ಬಳಿಯುವುದು, ಚೆನ್ನಾಗಿ ಓದುವ ನಾಲ್ಕು ಮಕ್ಕಳನ್ನು ಮುಂದಿನ ಸಾಲಿಗೆ ತರುವುದು. ಎಲ್ಲರೂ ಹಾಗಿದ್ದರು ಎನ್ನಲಾಗದು. ಧಾರವಾಡದ ಚನ್ನಬಸಪ್ಪನವರ ಹೆಸರಿಗೆ ‘ಡೆಪ್ಯುಟಿ’ ಎಂಬ ಹುದ್ದೆಯೇ ಅಂಟಿಕೊಂಡಿತು. ಹತ್ತೊಂಬತ್ತನೇ ಶತಮಾನದ ಮುಂಬೈ ಕರ್ನಾಟಕದಲ್ಲಿ ಮರಾಠಿ ತುಂಬಿದ್ದ ಕಡೆ ಕನ್ನಡ ಶಾಲೆಗಳನ್ನು ತೆರೆಸುತ್ತ, ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡುತ್ತ ಅವರು ಓಡಾಡಿದ್ದನ್ನು ತಪಾಸಣೆ ಎನ್ನುವುದಕ್ಕಿಂತ ಬೆಂಬಲ ಎನ್ನುವುದೇ ಸರಿ. ಆದರೆ ಅಂಥ ಡೆಪ್ಯುಟಿ ಒಂದು ಪ್ರದೇಶಕ್ಕೆ ಒಂದು ಶತಮಾನದಲ್ಲಿ ಒಬ್ಬರು ಸಿಕ್ಕರೆ ಪುಣ್ಯ. ವ್ಯವಸ್ಥೆ ನಿಲ್ಲುವುದು ಪುಣ್ಯದ ಮೇಲಲ್ಲ.

ಆ ವ್ಯವಸ್ಥೆಯ ನಕ್ಷೆ ಬಂದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ. ಮರುವರ್ಷವೇ ಜಿಲ್ಲೆಗೊಂದು ಡಯಟ್ ಎಂಬ ಕೇಂದ್ರ ಯೋಜನೆ ಹೊರಟಿತು. ಆದರೂ ಜಿಲ್ಲಾ ಕೇಂದ್ರದಿಂದ ಹಳ್ಳಿ ಶಾಲೆ ದೂರವೇ. ಆ ದೂರವನ್ನು ಕಡಿಮೆ ಮಾಡಿದ್ದು 1994ರಲ್ಲಿ ಬಂದ ಡಿಪಿಇಪಿ, ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ. ಮಹಿಳಾ ಸಾಕ್ಷರತೆ ದೇಶದ ಸರಾಸರಿಗಿಂತ ಕೆಳಗಿದ್ದ ಜಿಲ್ಲೆಗಳನ್ನು ಆರಿಸುವುದು ಅದರ ಕ್ರಮ. ಕರ್ನಾಟಕದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಎರಡನೇ ಹಂತದಲ್ಲಿ ಇನ್ನೂ ಏಳು. ಈ ಜಿಲ್ಲೆಗಳಲ್ಲಿಯೇ ತಾಲ್ಲೂಕಿಗೊಂದು ಬಿಆರ್‌ಸಿ, ಅಕ್ಕಪಕ್ಕದ ಶಾಲೆಗಳ ಗುಂಪಿಗೊಂದು ಸಮೂಹ ಸಂಪನ್ಮೂಲ ಕೇಂದ್ರ (ಸಿಆರ್‌ಸಿ) ಶುರುವಾದವು. 2001ರ ಸರ್ವ ಶಿಕ್ಷಾ ಅಭಿಯಾನ ಅದನ್ನು ರಾಜ್ಯದ ತುಂಬ ಹರಡಿತು. ಮುಂದೆ ಬಂದ ಮಾನದಂಡದ ಪ್ರಕಾರ ಹದಿನೆಂಟು ಶಾಲೆಗಳಿಗೆ ಒಬ್ಬ ಸಿಆರ್‌ಪಿ.

ಸಿಆರ್‌ಪಿ ಆಗುವವರು ಮೇಲಿನಿಂದ ಇಳಿದ ಅಧಿಕಾರಿಗಳಲ್ಲ. ನಿನ್ನೆಯವರೆಗೆ ಸೀಮೆಸುಣ್ಣ ಹಿಡಿದಿದ್ದ ಶಿಕ್ಷಕರೇ ಪರೀಕ್ಷೆ ಬರೆದು, ಕೌನ್ಸೆಲಿಂಗ್‌ನಲ್ಲಿ ಸ್ಥಳ ಆರಿಸಿಕೊಂಡು, ಕೆಲವು ವರ್ಷ ಈ ಕೆಲಸ ಮಾಡಿ ಮತ್ತೆ ತರಗತಿಗೆ ಮರಳುವವರು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಶಿಕ್ಷಣ ಸಂಯೋಜಕರದು ಆಡಳಿತದ ದಾರಿ. ಸಿಆರ್‌ಪಿಯದು ಕಲಿಕೆಯ ದಾರಿ. ಸಂಬಳ ತಡೆಯುವ, ನೋಟಿಸ್ ಕೊಡುವ ಅಧಿಕಾರ ಇವರಿಗಿಲ್ಲ. ಅದು ಕೊರತೆಯಲ್ಲ, ಉದ್ದೇಶಪೂರ್ವಕವಾಗಿ ಇಟ್ಟ ಗುಣ. ಹೆದರಿಕೆ ಇಲ್ಲದಿದ್ದರೆ ತಾನೇ ಟೀಚರ್ ‘ಈ ಪಾಠ ನನಗೇ ಸರಿಯಾಗಿ ಬರುತ್ತಿಲ್ಲ’ ಎಂದು ಬಾಯಿ ಬಿಡುವುದು? ತರಗತಿಯಲ್ಲಿ ಕೂರಬೇಕು, ಒಂದು ಪಾಠ ತಾವೇ ಮಾಡಿ ತೋರಿಸಬೇಕು, ತಿಂಗಳಿಗೊಮ್ಮೆ ಸಮೂಹದ ಶಿಕ್ಷಕರನ್ನೆಲ್ಲ ಸಮಾಲೋಚನಾ ಸಭೆಗೆ ಸೇರಿಸಿ ಯಾರಿಗೆ ಎಲ್ಲಿ ತೊಡಕಾಯಿತು ಎಂದು ಮಾತಾಡಿಸಬೇಕು. 375 ಎಂದು ಬರೆದ ಹುಡುಗಿಯ ನೋಟ್‌ಬುಕ್ಕು ಅಂಥ ಸಭೆಯ ಮೇಜಿನ ಮೇಲೆ ಬಂದಿದ್ದರೆ, ಹದಿನೆಂಟು ಶಾಲೆಯಲ್ಲಿ ಅದೇ ತಪ್ಪು ಮಾಡುವ ಮಕ್ಕಳಿದ್ದಾರೆಂದು ಗೊತ್ತಾಗುತ್ತಿತ್ತು.

ಈ ಕನಸು ಬರೀ ಕನಸಲ್ಲ ಎನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ: ಹೆಗ್ಗಡದೇವನಕೋಟೆ.

ಮೈಸೂರು ಜಿಲ್ಲೆಯ ಈ ತಾಲ್ಲೂಕು ಕಬಿನಿಯ ಹಿನ್ನೀರಿಗೂ ನಾಗರಹೊಳೆ, ಬಂಡೀಪುರದ ಕಾಡಿಗೂ ತಾಗಿಕೊಂಡಿದೆ. ಜೇನುಕುರುಬ, ಕಾಡುಕುರುಬ ಹಾಡಿಗಳ ಮಕ್ಕಳು, ಸಣ್ಣ ಸಣ್ಣ ಶಾಲೆಗಳು, ಒಬ್ಬರೋ ಇಬ್ಬರೋ ಶಿಕ್ಷಕರು. ಕಾಫಿ ಕೊಯ್ಲಿಗೆ ಅಪ್ಪ ಅಮ್ಮ ಕೊಡಗಿಗೆ ಹೊರಟರೆ ಮಗುವೂ ಹೊರಟಿತು. ತಿಂಗಳ ನಂತರ ಮರಳಿ ಬಂದಾಗ ಪುಸ್ತಕದಲ್ಲಿ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಹಿಂದೆ ಉಳಿದ ಮಗು ಇನ್ನೂ ಹಿಂದೆ ಉಳಿಯುತ್ತಿತ್ತು, ಒಂದು ದಿನ ಬರುವುದನ್ನೇ ಬಿಡುತ್ತಿತ್ತು. ಇದನ್ನು ನೋಡಿ ನೋಡಿ ಬೇಸತ್ತಿದ್ದ ಕೆಲವು ಶಿಕ್ಷಕರನ್ನು 1995ರಲ್ಲಿ ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿಯ ಬಳಿ ಇರುವ ರಿಷಿವ್ಯಾಲಿಗೆ ಕರೆದುಕೊಂಡು ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಒಬ್ಬ ಶಿಕ್ಷಕರ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಸುವ ಕ್ರಮವೊಂದನ್ನು ರೂಪಿಸಿದ್ದರು. ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಮೆಟ್ಟಿಲಿಗೊಂದಿಷ್ಟು ಕಾರ್ಡು. ಮಗು ಎಷ್ಟು ದಿನ ಬಿಟ್ಟು ಬಂದರೂ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತಬಹುದು.

ಕೋಟೆಯ ಶಿಕ್ಷಕರು ಆ ಕಾರ್ಡುಗಳನ್ನು ಹೊತ್ತು ತಂದು ಹಂಚಲಿಲ್ಲ. ಇದೇ ಈ ಕಥೆಯ ಜೀವಾಳ. ನೋಡಿ ಬಂದರು, ಕೂತು ತಮ್ಮದೇ ಕಾರ್ಡು ಬರೆದರು, ತಮ್ಮ ಮಕ್ಕಳ ಬಾಯಲ್ಲಿರುವ ಮಾತು ಹಾಕಿದರು, ಹಾಡು ಕಟ್ಟಿದರು, ಚಿತ್ರ ಬಿಡಿಸಿದರು, ತರಗತಿಯಲ್ಲಿ ಇಟ್ಟು ನೋಡಿ ಸರಿಹೋಗದ್ದನ್ನು ಹರಿದು ಹಾಕಿ ಮತ್ತೆ ಬರೆದರು. ಅದಕ್ಕೆ ನಲಿ-ಕಲಿ ಎಂದು ಹೆಸರಾಯಿತು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪು ಹಲಗೆ, ತಲೆಯ ಮೇಲೆ ಅವರದೇ ಚಿತ್ರ, ಬರಹ ತೂಗುವ ಚಪ್ಪರ, ನೆಲದ ಮೇಲೆ ಗುಂಪು ಗುಂಪಾಗಿ ಕೂತ ಮಕ್ಕಳು. ಒಂದು ಗುಂಪಿಗೆ ಟೀಚರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಅರೆ ಬೆಂಬಲ, ಮುಂದಿನವಕ್ಕೆ ಸಹಪಾಠಿಗಳದ್ದು, ಕೊನೆಯದು ಸ್ವಯಂ ಕಲಿಕೆ. ಮೂರು ತರಗತಿಯನ್ನು ಒಬ್ಬರೇ ನಡೆಸುವುದು ಶಾಪ ಎಂದುಕೊಂಡಿದ್ದ ಕಡೆ ಅದನ್ನೇ ಕ್ರಮವಾಗಿಸಿದ ಜಾಣತನ ಇದು.

ಇಲ್ಲಿ ಮೇಲಿನವರು ಮಾಡಿದ್ದೇನು? ಹಣ ಸಿಕ್ಕಿತು, ಪ್ರವಾಸ ಆಯಿತು, ಸರಿ. ಅದಕ್ಕಿಂತ ದೊಡ್ಡದು, ಅಧಿಕಾರಿಗಳು ಬಿಟ್ಟುಕೊಟ್ಟರು. ಪಠ್ಯಪುಸ್ತಕ ಬದಿಗಿಡಲು ಬಿಟ್ಟರು, ಪರೀಕ್ಷೆಯನ್ನು ಬೇರೆ ರೀತಿ ನೋಡಲು ಬಿಟ್ಟರು, ತಪ್ಪು ಮಾಡಿ ತಿದ್ದಿಕೊಳ್ಳಲು ಬಿಟ್ಟರು. ಆಮೇಲೆ ಬೇರೆ ತಾಲ್ಲೂಕುಗಳ ಶಿಕ್ಷಕರು ಕೋಟೆಗೇ ಬಂದು ನೋಡಿದರು. ಶಿಕ್ಷಕ ಶಿಕ್ಷಕನಿಂದ ಕಲಿತ. ಶಾಲಾ ಸುಧಾರಣೆ ಎಂದು ಪುಟಗಟ್ಟಲೆ ಬರೆಯುವವರು ಹುಡುಕುವುದು ಇದನ್ನೇ.

ನಂತರದ್ದು ಬೇರೆ ಕಥೆ. 2009-10ರಲ್ಲಿ ನಲಿ-ಕಲಿ ರಾಜ್ಯದ ಕನ್ನಡ ಮಾಧ್ಯಮದ ಎಲ್ಲ ಸರ್ಕಾರಿ ಕಿರಿಯ ತರಗತಿಗಳಿಗೂ ಬಂತು. ನಿರ್ಧಾರ ತಪ್ಪಲ್ಲ, ಕೋಟೆಯ ಮಕ್ಕಳಿಗೆ ಒಳ್ಳೆಯದಾದದ್ದು ಬೀದರಿನ ಮಕ್ಕಳಿಗೆ ಯಾಕೆ ಬೇಡ? ಆದರೆ ಕೋಟೆಯಲ್ಲಿ ಶಿಕ್ಷಕರು ಬರೆದ ಕಾರ್ಡು ಉಳಿದ ಕಡೆಗೆ ಅಚ್ಚಾಗಿ ಬಂತು. ವರ್ಷಗಟ್ಟಲೆ ನಡೆದ ಚರ್ಚೆ ಕೆಲವು ದಿನಗಳ ತರಬೇತಿಯಾಯಿತು. ಆಗ ಬೇಕಿದ್ದದ್ದು, ಪ್ರತಿ ಸಮೂಹದಲ್ಲೂ ಆ ಚರ್ಚೆಯನ್ನು ಮತ್ತೆ ಹಚ್ಚುವ ಒಬ್ಬ ವ್ಯಕ್ತಿ. ಆ ಹುದ್ದೆ ಇತ್ತು. ಸಿಆರ್‌ಪಿ ಇದ್ದರು. ಆದರೆ ಅಷ್ಟರಲ್ಲಿ ಅವರ ಕೈ ತುಂಬಿಹೋಗಿತ್ತು. ಎಲ್ಲಿ ನಂಬಿಕೆಯಿಟ್ಟ ಟೀಚರ್ ಇದ್ದರೋ ಅಲ್ಲಿ ನಲಿ-ಕಲಿ ಇಂದಿಗೂ ನೋಡಲು ಹಬ್ಬ. ಉಳಿದ ಕಡೆ ಗುಂಪುಗಳನ್ನು ಗುರುತಿಸುವ ತಟ್ಟೆಗಳು ಗೋಡೆಯ ಮೇಲಿವೆ, ಕಾರ್ಡುಗಳು ಬೀರುವಿನಲ್ಲಿವೆ, ಪಾಠ ಹಲಗೆಯ ಮೇಲೆ ನಡೆಯುತ್ತಿದೆ.

ಕೈ ತುಂಬಿದ್ದು ಹೇಗೆ? ಬೆಂಬಲದ ಜಾಲವನ್ನು ಹೆತ್ತ ಡಿಪಿಇಪಿಯೇ 1995ರಲ್ಲಿ ಇನ್ನೊಂದು ಮಗುವನ್ನೂ ಹೆತ್ತಿತು. ಶಾಲಾ ಅಂಕಿಅಂಶಗಳ ಡೈಸ್ ವ್ಯವಸ್ಥೆ, ಇಂದಿನ ಯುಡೈಸ್ ಪ್ಲಸ್‌ನ ಪೂರ್ವಜ. ಅವಳಿ ಮಕ್ಕಳು. ಒಂದು, ಶಾಲೆಗೆ ಹೋಗಿ ಟೀಚರ ಪಕ್ಕ ಕೂರುವ ವ್ಯಕ್ತಿ. ಇನ್ನೊಂದು, ಶಾಲೆಯಿಂದ ಅಂಕಿ ತುಂಬಿಸಿಕೊಂಡು ಬರುವ ನಮೂನೆ. ನಮೂನೆಯನ್ನು ಹಂಚಿ, ತುಂಬಿಸಿ, ಪರಿಶೀಲಿಸಿ ತರುವ ಕೆಲಸವನ್ನು ಸಹಜವಾಗಿಯೇ ಆ ವ್ಯಕ್ತಿಗೇ ಒಪ್ಪಿಸಿದರು, ಹೇಗೂ ಶಾಲೆಗೆ ಹೋಗುತ್ತಾರಲ್ಲ! ವರ್ಷಗಳು ಕಳೆದಂತೆ ಎರಡನೆಯ ಮಗು ಕೊಬ್ಬಿ ಬೆಳೆಯಿತು, ಮೊದಲನೆಯದರ ಅನ್ನವನ್ನೂ ತಾನೇ ಉಂಡಿತು.

ಇವತ್ತು ಸಿಆರ್‌ಪಿಯ ಮೊಬೈಲ್ ನೋಡಿದರೆ ಸಾಕು. ವಿದ್ಯಾರ್ಥಿಗಳ ವಿವರ ತುಂಬುವ ಎಸ್‌ಎಟಿಎಸ್‌ನಲ್ಲಿ ದಾಖಲಾತಿ ಬಾಕಿ, ಆಧಾರ್ ಜೋಡಣೆ ಬಾಕಿ, ಶೂ-ಸಾಕ್ಸ್ ಹಂಚಿದ ಫೋಟೊ, ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ತಿನ್ನುವವರೆಷ್ಟು ಬಾಳೆಹಣ್ಣು ತಿನ್ನುವವರೆಷ್ಟು, ಶೌಚಾಲಯ ದುರಸ್ತಿ, ಚುನಾವಣಾ ಮತಗಟ್ಟೆಯ ವಿದ್ಯುತ್ ಸಂಪರ್ಕ. ಎಲ್ಲಕ್ಕೂ ‘ತುರ್ತು’ ಎಂಬ ತಲೆಬರಹ, ಎಲ್ಲಕ್ಕೂ ಸಂಜೆಯೊಳಗೆ ಉತ್ತರ. ಹಾಲು, ಮೊಟ್ಟೆ, ಶೂ ಇವು ಬೇಡದ ಸಂಗತಿಗಳಲ್ಲ. ಹಸಿದ ಮಗುವಿಗೆ ವ್ಯವಕಲನ ಹತ್ತುವುದಿಲ್ಲ. ಆದರೆ ಇದನ್ನೆಲ್ಲ ಲೆಕ್ಕವಿಡಲು ಒಬ್ಬ ಗುಮಾಸ್ತ ಬೇಕು, ತರಗತಿಯ ಕಷ್ಟ ಬಲ್ಲ ಅನುಭವಿ ಶಿಕ್ಷಕ ಬೇಕಿಲ್ಲ. ಒಳ್ಳೆಯ ಶಿಕ್ಷಕರನ್ನು ಪರೀಕ್ಷೆ ಮಾಡಿ ಆರಿಸಿ, ತರಗತಿಯಿಂದ ಹೊರತಂದು, ಅವರನ್ನು ಅಂಚೆಯವರನ್ನಾಗಿ ಮಾಡಿದ್ದೇವೆ. ಸಮಾಲೋಚನಾ ಸಭೆಯೂ ಹಲವು ಕಡೆ ಮಾಹಿತಿ ಸಭೆಯಾಗಿದೆ: ಸುತ್ತೋಲೆ ಓದುವುದು, ನಮೂನೆ ವಾಪಸು ಪಡೆಯುವುದು, ಟೀ ಕುಡಿದು ಏಳುವುದು.

ಶಾಲೆಯ ಮಾತಾಯಿತು. ಅದೇ ಕಾಂಪೌಂಡಿನ ಮೂಲೆಯಲ್ಲಿರುವ ಅಂಗನವಾಡಿಗೆ ಬನ್ನಿ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ. ನಲಿ-ಕಲಿಯ ಕೋಟೆಯೂ ಅಂಗನವಾಡಿಯ ನರಸೀಪುರವೂ ಒಂದೇ ಜಿಲ್ಲೆಯ ತಾಲ್ಲೂಕುಗಳು ಎಂಬುದು ಮೈಸೂರಿನವರು ಹೇಳಿಕೊಳ್ಳಬಹುದಾದ ಹೆಮ್ಮೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು, ಕಥೆ, ಆಟ, ವಸ್ತುಗಳನ್ನು ವಿಂಗಡಿಸುವುದು, ಬಣ್ಣ ಗುರುತಿಸುವುದು ಎಂದೆಲ್ಲ ‘ಚಿಲಿಪಿಲಿ’ ಎಂಬ ಚಂದದ ಚಟುವಟಿಕೆ ಪುಸ್ತಕವೂ ಇದೆ. ಒಂದು ಕಟ್ಟು ಕಡ್ಡಿ ಬಿಚ್ಚಿದರೆ ಹತ್ತು ಕಡ್ಡಿ ಎಂಬ ತಿಳಿವಳಿಕೆಯ ಬೀಜ ಬೀಳುವುದು ನಾಲ್ಕನೇ ತರಗತಿಯಲ್ಲಲ್ಲ, ಇಲ್ಲಿ, ಹುಣಿಸೆಬೀಜ ಎಣಿಸುವಾಗ.

ಕಾರ್ಯಕರ್ತೆಗೆ ಬೆಂಬಲ ಕೊಡಬೇಕಾದವರು ಮೇಲ್ವಿಚಾರಕಿ. ಸುಮಾರು 25 ಕೇಂದ್ರಗಳಿಗೆ ಒಬ್ಬರು. ತಿಂಗಳಿಗೊಮ್ಮೆ ವಲಯ ಸಭೆ. ರೂಪುರೇಷೆ ಸಿಆರ್‌ಸಿಯದೇ, ಕಾಯಿಲೆಯೂ ಅದೇ. ತೂಕ, ಎತ್ತರ, ಪೌಷ್ಟಿಕ ಆಹಾರದ ದಾಸ್ತಾನು, ಗರ್ಭಿಣಿಯರ ಪಟ್ಟಿ, 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್. ಮಗುವಿನ ತೂಕ ಆ್ಯಪ್‌ಗೆ ಏರದಿದ್ದರೆ ಸಂಜೆಗೇ ಫೋನು ಬರುತ್ತದೆ; ಮಗುವಿಗೆ ಈ ವಾರ ಒಂದೂ ಕಥೆ ಹೇಳದಿದ್ದರೆ ಯಾರ ಫೋನೂ ಬರುವುದಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಎಂದು, ಪೋಷಣೆಯ ಜೊತೆ ಕಲಿಕೆಯೂ ಇರಲಿ ಎಂದು ಹೊಸ ತರಬೇತಿ ತಂದಿತು. ಯೋಜನೆ ಹುಟ್ಟಿ ನಲವತ್ತೆಂಟು ವರ್ಷದ ಮೇಲೆ ಹೀಗೆ ಹೆಸರಿಡಬೇಕಾಯಿತೆಂದರೆ, ಅಷ್ಟೂ ಕಾಲ ತಕ್ಕಡಿ ಎತ್ತ ವಾಲಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಬುನಾದಿ ಹಂತ ಎನ್ನುತ್ತದೆ. ಮಗುವಿನ ಬೆಳವಣಿಗೆಯ ದೃಷ್ಟಿಯಿಂದ ಇದು ಸರಿ. ನಮ್ಮ ನೆಲದಲ್ಲಿ ಮಾತ್ರ ಆರು ವರ್ಷಕ್ಕೊಂದು ಗೋಡೆ ಇದೆ. ಗೋಡೆಯ ಈಚೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಆಚೆ ಶಾಲಾ ಶಿಕ್ಷಣ ಇಲಾಖೆ. ಒಂದನೇ ತರಗತಿಗೆ ಬರುವ ಸಿಆರ್‌ಪಿ ಹತ್ತು ಹೆಜ್ಜೆ ನಡೆದು ಅಂಗನವಾಡಿಗೆ ಹೋಗುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಮೇಲ್ವಿಚಾರಕಿ ನಲಿ-ಕಲಿ ಕೊಠಡಿಗೆ ಇಣುಕುವುದೂ ಇಲ್ಲ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡಿದಾಗ ತಮ್ಮ ಮಕ್ಕಳೆಲ್ಲ ಅಲ್ಲಿಗೆ ಹೋಗಿಬಿಡುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು; 2024ರಲ್ಲಿ ಅಂಗನವಾಡಿಗಳಲ್ಲೇ ಎಲ್‌ಕೆಜಿ ಶುರುವಾಯಿತು. ಜಗಳ ಮಕ್ಕಳು ಯಾರಿಗೆ ಸೇರಿದವರು ಎಂಬುದರ ಮೇಲೆ ನಡೆಯಿತು. ಆ ಮಕ್ಕಳಿಗೆ ಯಾರು, ಹೇಗೆ ಕಲಿಸುತ್ತಾರೆ, ಕಲಿಸುವವರಿಗೆ ಯಾರು ಜೊತೆಗಿರುತ್ತಾರೆ ಎಂಬುದರ ಮೇಲೆ ಅಷ್ಟು ಮಾತು ನಡೆಯಲಿಲ್ಲ.

ಹೊರಗೆ ಬೇರೆಯವರು ಏನು ಮಾಡಿದ್ದಾರೆ ಎಂದು ಒಂದು ಕ್ಷಣ ನೋಡಬಹುದು. 2003ರಲ್ಲಿ ಇಂಗ್ಲೆಂಡ್ ಸರ್ಕಾರ ‘ಲಂಡನ್ ಚಾಲೆಂಜ್’ ಎಂಬ ಕಾರ್ಯಕ್ರಮ ಹೂಡಿತು. ಹ್ಯಾಕ್ನಿ, ಹ್ಯಾರಿಂಗೆ, ಇಸ್ಲಿಂಗ್ಟನ್, ಲ್ಯಾಂಬೆತ್, ಸದರ್ಕ್ ಎಂಬ ಐದು ಬಡಾವಣೆಗಳ ಪ್ರೌಢಶಾಲೆಗಳ ಮೇಲೆ ವಿಶೇಷ ಗಮನ. ಮುಂದಾಳು ಟಿಮ್ ಬ್ರಿಗ್‌ಹೌಸ್. ತೀರ ಹಿಂದುಳಿದ ಶಾಲೆಗಳಿಗೆ ಅನುಭವಿ ಸಲಹೆಗಾರರನ್ನು ಕೊಟ್ಟರು. ಅವರಲ್ಲಿ ಅನೇಕರು ಒಂದು ಕಾಲದಲ್ಲಿ ತಾವೇ ಮುಖ್ಯಶಿಕ್ಷಕರಾಗಿದ್ದವರು. ಒಂದೇ ಬಗೆಯ ಮಕ್ಕಳು ಬರುವ ಶಾಲೆಗಳನ್ನು ಕುಟುಂಬಗಳಾಗಿ ಕಟ್ಟಿ, ನಿಮ್ಮಂಥದೇ ಮಕ್ಕಳಿರುವ ಆ ಶಾಲೆ ಹೇಗೆ ಮುಂದೆ ಬಂತು, ಹೋಗಿ ನೋಡಿ ಎಂದರು. ಅಂಕಿಅಂಶ ಅಲ್ಲಿಯೂ ಇತ್ತು, ಆದರೆ ಅದು ಶಾಲೆಯ ಕೈಗೆ ಕೊಡುವ ಕನ್ನಡಿಯಾಗಿತ್ತು. 2010ರ ಹೊತ್ತಿಗೆ ಲಂಡನ್ ಶಾಲೆಗಳು ದೇಶದಲ್ಲೇ ಮುಂದಿದ್ದವು. ಎಲ್ಲ ಕೀರ್ತಿಯೂ ಈ ಕಾರ್ಯಕ್ರಮಕ್ಕೇ ಸಲ್ಲಬೇಕೆಂದು ಸಂಶೋಧಕರು ಒಪ್ಪುವುದಿಲ್ಲ. ಪ್ರಾಥಮಿಕ ಶಾಲೆಗಳ ಸುಧಾರಣೆ ಅದಕ್ಕೂ ಮೊದಲೇ ಶುರುವಾಗಿತ್ತು ಎನ್ನುವವರಿದ್ದಾರೆ, ವಲಸೆ ಬಂದ ಕುಟುಂಬಗಳ ಕಲಿಯುವ ಹಸಿವೇ ಮುಖ್ಯ ಎನ್ನುವವರೂ ಇದ್ದಾರೆ. ಕಾರ್ಯಕ್ರಮ 2011ಕ್ಕೆ ಮುಗಿಯಿತು. 2025ರಲ್ಲಿ ಇಂಗ್ಲೆಂಡ್ ಮತ್ತೆ ಪ್ರಾದೇಶಿಕ ತಂಡಗಳನ್ನು ಕಟ್ಟಲು ಹೊರಟಿತು. ಸುಮಾರು ಅದೇ ಹೊತ್ತಿಗೆ ಪಕ್ಕದ ವೇಲ್ಸ್ ತನ್ನ ಪ್ರಾದೇಶಿಕ ಒಕ್ಕೂಟಗಳನ್ನು ಬಿಚ್ಚುತ್ತಿತ್ತು. ಕಟ್ಟುವುದು, ಬಿಚ್ಚುವುದು ಎಲ್ಲ ಕಡೆಯೂ ಇದೆ. ನಮಗೆ ಬೇಕಾದ ಒಂದು ಮಾತು ಇಷ್ಟೇ: ಎಂಟು ವರ್ಷ ಲಂಡನ್ ಚಾಲೆಂಜ್‌ನ ಸಲಹೆಗಾರರಿಗೆ ಕೊಟ್ಟ ಕೆಲಸ ಒಂದೇ ಆಗಿತ್ತು.

ನಮ್ಮ ಹ್ಯಾಕ್ನಿ ಎಲ್ಲಿ ಎಂದು ಕೇಳಿದರೆ ಉತ್ತರಕ್ಕೆ ಹುಡುಕಬೇಕಿಲ್ಲ. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ಕಲಬುರಗಿಯದು ಶೇ 42.43. ಒಂದೇ ರಾಜ್ಯ, ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿಯೇ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಅದರಲ್ಲಿ 21 ಕಲಬುರಗಿ ವಿಭಾಗದವು. ಸಂವಿಧಾನದ 371 (ಜೆ) ವಿಧಿ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬಂತು, ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಾಲೆಗಳಿಗೆ ಹಣವೂ ಬರುತ್ತಿದೆ. ಕೊಠಡಿ ಕಟ್ಟಲು ಹಣ ಸಾಕಾಗುತ್ತದೆ, ಕೊಠಡಿಯೊಳಗಿನ ಪಾಠ ಕಟ್ಟಲು ಹಣವೊಂದೇ ಸಾಲದು. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಒಂದು ಗದ್ದಲ ಏಳುತ್ತದೆ. ವಿಶೇಷ ತರಗತಿ, ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸುವ ಫೋನು, ಅಧಿಕಾರಿಗೊಂದು ಶಾಲೆ ದತ್ತು, ಪಾಸಾಗಲು ಬೇಕಾದಷ್ಟೇ ಪ್ರಶ್ನೆಗಳ ಕಿರುಹೊತ್ತಿಗೆ. ಹತ್ತನೇ ತರಗತಿಯಲ್ಲಿ ಬೀಜಗಣಿತ ಹತ್ತದ ಹುಡುಗಿ ಆರು ವರ್ಷದ ಹಿಂದೆ 403ರಿಂದ 178 ಕಳೆಯುವಾಗಲೇ ಕೈ ತಪ್ಪಿದ್ದಳು. ಬೆಂಬಲವೆಲ್ಲ ಕೊನೆಯ ಮೆಟ್ಟಿಲಲ್ಲಿ ಜಮಾಯಿಸುವುದು ಸುಧಾರಣೆಯಲ್ಲ, ಮುಖ ಉಳಿಸಿಕೊಳ್ಳುವ ಕಸರತ್ತು.

ಆ ಭಾಗದಲ್ಲಿ ನಿಧಾನದ ಕೆಲಸ ನಡೆದೇ ಇಲ್ಲ ಎಂದೇನಲ್ಲ. ಸುರಪುರ ತಾಲ್ಲೂಕಿನಲ್ಲಿ ಎರಡು ದಶಕದ ಹಿಂದೆ ಶಿಕ್ಷಣ ಇಲಾಖೆ, ಯುನಿಸೆಫ್, ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ ಮಗುಸ್ನೇಹಿ ಶಾಲೆಗಳ ಕಾರ್ಯಕ್ರಮವನ್ನು ವರ್ಷಗಟ್ಟಲೆ ನಡೆಸಿದವು. ಈಗಲೂ ಯಾದಗಿರಿಯಂಥ ಕಡೆ ಶಿಕ್ಷಕರ ಕಲಿಕಾ ಕೇಂದ್ರಗಳಿವೆ. ಸಂಜೆ ಶಾಲೆ ಬಿಟ್ಟ ಮೇಲೆ, ರಜೆಯ ದಿನ, ಯಾರ ಆದೇಶವೂ ಇಲ್ಲದೆ ಶಿಕ್ಷಕರು ಬಂದು ಪುಸ್ತಕ ತಿರುವುತ್ತಾರೆ, ಭಿನ್ನರಾಶಿ ಹೇಗೆ ಕಲಿಸಬೇಕೆಂದು ವಾದಿಸುತ್ತಾರೆ. ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆಗಳು ಸಹ ಮೊದಲು ದೊಡ್ಡ ಪ್ರಮಾಣದಲ್ಲಿ ಹೋದದ್ದು ಇದೇ ಪ್ರದೇಶದ ಶಾಲೆಗಳಿಗೆ. ಅದರೊಳಗೆ ಸ್ಥಾನಬೆಲೆಯ ಸಾಮಗ್ರಿಯೂ ಇದೆ. ತೆಲಂಗಾಣದ ಸಂಗಾರೆಡ್ಡಿಯಲ್ಲಿ ಪ್ರೇಮ್‌ಜಿ ಫೌಂಡೇಶನ್‌ನವರು ಅಂಗನವಾಡಿಗಳ ವಲಯ ಸಭೆಯನ್ನೇ ಕಲಿಕೆಯ ಸಭೆಯಾಗಿ ಬಳಸಿಕೊಂಡರು, ಹೊಸ ಸಂಸ್ಥೆಯನ್ನೇನೂ ಕಟ್ಟಲಿಲ್ಲ. ಸ್ವಯಂಸೇವಾ ಸಂಸ್ಥೆಗಳ ಮಿತಿಯೂ ಗೊತ್ತಿರಲಿ. ಅವು ದಾರಿ ತೋರಿಸಬಲ್ಲವು, ರಾಜ್ಯದ ಪ್ರತಿ ಶಾಲೆಗೂ ಪ್ರತಿ ತಿಂಗಳೂ ಹೋಗಲಾರವು. ಅಷ್ಟು ದೊಡ್ಡ ಕಾಲ್ನಡಿಗೆಯ ಪಡೆ ಇರುವುದು ಸರ್ಕಾರದ ಬಳಿ ಮಾತ್ರ.

ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಶಿಕ್ಷಕರ ಹುದ್ದೆಗಳೇ ಖಾಲಿ ಇರುವಾಗ, ಅತಿಥಿ ಶಿಕ್ಷಕರ ಮೇಲೆ ಶಾಲೆ ನಡೆಯುವಾಗ, ಅನುಭವಿಗಳನ್ನು ತರಗತಿಯಿಂದ ತೆಗೆದು ಬೆಂಬಲಕ್ಕೆ ಹಾಕುವುದು ದುಂದಲ್ಲವೇ? ಸಿಆರ್‌ಪಿಯೂ ಶಾಲೆಗೆ ಮರಳಲಿ ಎಂಬ ವಾದ ಇಲಾಖೆಯೊಳಗೇ ಇದೆ. ಇಂದಿನ ಸ್ಥಿತಿಯಲ್ಲಿ ಆ ವಾದಕ್ಕೆ ತೂಕವಿದೆ ಎಂದು ಒಪ್ಪುತ್ತೇನೆ: ಅಂಚೆ ಹಂಚುವ ಕೆಲಸಕ್ಕೆ ಒಳ್ಳೆಯ ಶಿಕ್ಷಕರನ್ನು ಕಳೆದುಕೊಳ್ಳುವುದಕ್ಕಿಂತ ಅವರು ಮಕ್ಕಳ ಮುಂದಿರುವುದೇ ವಾಸಿ. ಖಾಲಿ ಹುದ್ದೆಗೆ ಬೆಂಬಲ ಬದಲಿಯಲ್ಲ, ಅದನ್ನು ತುಂಬಲೇಬೇಕು. ಆದರೆ ಹೊಸದಾಗಿ ಬಂದ ಅತಿಥಿ ಶಿಕ್ಷಕಿಗೆ ಅನುಭವಿಯೊಬ್ಬರ ಜೊತೆ ಉಳಿದೆಲ್ಲರಿಗಿಂತ ಹೆಚ್ಚು ಬೇಕು. ಕೊರತೆ ಇರುವ ಕಡೆಯೇ ಜೊತೆಗಾರನ ಅಗತ್ಯ ಜಾಸ್ತಿ.

ಮಾಡಬೇಕಾದದ್ದು ಹೊಸ ಯೋಜನೆಯಲ್ಲ, ಹೊಸ ಹೆಸರಂತೂ ಬೇಡವೇ ಬೇಡ. ಗುರುಚೇತನ, ಕಲಿಕಾ ಚೇತರಿಕೆ ಎಂದು ಒಳ್ಳೆಯ ಹೆಸರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಕಿ ಸಂಗ್ರಹಿಸುವ ಕೆಲಸವನ್ನು ಸಿಆರ್‌ಪಿ ಮತ್ತು ಮೇಲ್ವಿಚಾರಕಿಯರಿಂದ ಕಳಚಿ, ಸಮೂಹಕ್ಕೊಬ್ಬ ಡೇಟಾ ಸಹಾಯಕರಿಗೆ ಕೊಡಿ; ಬಿಆರ್‌ಸಿ ಮಟ್ಟದಲ್ಲಿ ಅಂಥ ಹುದ್ದೆಗಳನ್ನು ಸರ್ವ ಶಿಕ್ಷಾ ಅಭಿಯಾನದ ಮಾನದಂಡ ಎಂದೋ ಒಪ್ಪಿದೆ. ಶಾಲೆಯ ಕಾಂಪೌಂಡಿನೊಳಗಿರುವ ಅಂಗನವಾಡಿಗೂ ಒಂದನೇ ತರಗತಿಗೂ ತಿಂಗಳಿಗೊಂದು ಜಂಟಿ ಸಭೆ ನಡೆಯಲಿ, ಎರಡು ಇಲಾಖೆಗಳ ಕಾರ್ಯದರ್ಶಿಗಳು ಸಹಿ ಹಾಕಿದರೆ ಸಾಕು, ಇದಕ್ಕೆ ಬಜೆಟ್ಟಿನ ಗೊಡವೆಯೇ ಇಲ್ಲ. ಕಲ್ಯಾಣ ಕರ್ನಾಟಕದಲ್ಲಿ ಹದಿನೆಂಟು ಶಾಲೆಗೊಬ್ಬರು ಎಂಬುದನ್ನು ಹತ್ತಕ್ಕೆ ಇಳಿಸಿ. ಮಂಡಳಿಯ ಹಣದಲ್ಲಿ ಒಂದು ಪಾಲು ಸಿಮೆಂಟಿನ ಬದಲು ಮನುಷ್ಯರಿಗೆ ಹೋಗಲಿ.

ಓದುಗರಲ್ಲಿ ಒಂದು ಕೋರಿಕೆ. 2001ರಿಂದ ಕರ್ನಾಟಕದ ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅಂಗನವಾಡಿಗೆ ಬಾಲವಿಕಾಸ ಸಮಿತಿ ಇದೆ. ನೀವು ಅದರಲ್ಲಿದ್ದರೆ, ಅಥವಾ ನಿಮ್ಮೂರಿನ ಪರಿಚಿತರು ಇದ್ದರೆ, ಮುಂದಿನ ಸಭೆಯಲ್ಲಿ ಶಾಲೆಯ ಸಂದರ್ಶನ ಪುಸ್ತಕ ತರಿಸಿ ಓದಿ. ಹೊರಗಿನಿಂದ ಬಂದವರು ಈ ವರ್ಷ ಏನು ಬರೆದಿದ್ದಾರೆ ನೋಡಿ. ‘ದಾಖಲೆಗಳನ್ನು ಪರಿಶೀಲಿಸಲಾಯಿತು, ಬಿಸಿಯೂಟ ರುಚಿಯಾಗಿತ್ತು’ ಎಂಬುದನ್ನು ಬಿಟ್ಟು, ಯಾವ ತರಗತಿಯಲ್ಲಿ ಎಷ್ಟು ಹೊತ್ತು ಕೂತರು, ಯಾವ ಪಾಠ ನೋಡಿದರು, ಟೀಚರಿಗೆ ಏನು ಹೇಳಿದರು ಎಂಬ ಸಾಲು ಅಲ್ಲಿ ಇಲ್ಲದಿದ್ದರೆ, ಅದನ್ನು ಬಿಇಒ ಅವರಿಗೆ ಬರವಣಿಗೆಯಲ್ಲಿ ಕೇಳಿ.